ಎವರೆಸ್ಟ್ ಹಾದಿಯಲ್ಲಿ ಗೈಡೇ ಅಮೀರ್

ಹಿಂದೆಲ್ಲ ನಮ್ಮವರ ದೂರದ ಪ್ರಯಾಣ ಎಂದರೆ ಎರಡೇ. ಒಂದು ಗಲ್ಫ್, ಇನ್ನೊಂದು ಹಜ್ಜ್ ಮತ್ತು ಉಮ್ರಾ. ತಿರುಗಾಟಕ್ಕೆಂದು ಹೊರಟರೆ ಊಟಿ, ಅಜ್ಮೀರ್, ಹೆಚ್ಚೆಂದರೆ ಕಾಶ್ಮೀರ. ಈಗ ಹಾಗಲ್ಲ. ರಜೆಯಲ್ಲಿ ಊರಿಗೆ ಬಂದ ಹುಡುಗರು ಹದಿನೈದು ದಿನ ಎತ್ತಿಟ್ಟುಕೊಂಡು ಕಠ್ಮಂಡುವಿನ ವಿಮಾನ ಹತ್ತುತ್ತಾರೆ. ಎವರೆಸ್ಟ್ ಬೇಸ್ ಕ್ಯಾಂಪಿನ ಬಂಡೆಯ ಮುಂದೆ ನಿಂತ ಒಂದು ಫೋಟೊ ಸ್ಟೇಟಸ್‌ಗೆ ಬಿದ್ದರೆ ಸಾಕು, ‘ಮಾಶಾ ಅಲ್ಲಾಹ್’ಗಳ ಸುರಿಮಳೆ.

ಒಳ್ಳೆಯದೇ. ಅಲ್ಲಾಹನ ಭೂಮಿಯನ್ನು ಸುತ್ತಿ ನೋಡುವುದರಲ್ಲಿ ತಪ್ಪೇನಿಲ್ಲ. ಆದರೆ ಈ ಹಾದಿಗೆ ಕಾಲಿನ ಬಲಕ್ಕಿಂತ ಮೊದಲು ಬೇಕಾದದ್ದು ಬೇರೊಂದು ಉಂಟು. ಅದು ಇನ್ನೊಬ್ಬರ ಮಾತು ಕೇಳುವ ಗುಣ. ಮೂವರು ಸೇರಿ ಪ್ರಯಾಣ ಹೊರಟರೆ ತಮ್ಮಲ್ಲೊಬ್ಬನನ್ನು ಅಮೀರ್ ಮಾಡಿಕೊಳ್ಳಬೇಕು ಎಂಬ ಪ್ರವಾದಿವರ್ಯರ ಬೋಧನೆಯನ್ನು ನಾವು ಮದ್ರಸದಲ್ಲೇ ಕೇಳಿದ್ದೇವೆ. ಕೇಳಿದ್ದು ಹೌದು, ಅದರ ಅರ್ಥ ಸರಿಯಾಗಿ ಆಗುವುದು ಉಸಿರು ಸಿಕ್ಕದ ಜಾಗದಲ್ಲಿ. ಕಳೆದ ಅಕ್ಟೋಬರಿನಲ್ಲಿ ಈ ದಾರಿಯಲ್ಲಿ ನಡೆದ ಕರಾವಳಿಯ ಆರು ಮಂದಿಯ ತಂಡದಲ್ಲಿ ನಾನೂ ಇದ್ದೆ. ಅಲ್ಲಿ ಕಂಡದ್ದನ್ನು, ಹೋಗಬೇಕೆಂದಿರುವವರಿಗೆ ಬೇಕಾದ ನಾಲ್ಕು ವಿಷಯಗಳನ್ನು ಇಲ್ಲಿ ಹೇಳುತ್ತೇನೆ.

ಮುಳ್ಳಯ್ಯನಗಿರಿಗಿಂತ ಮೇಲೆ ಶುರು

ಕರ್ನಾಟಕದ ಅತಿ ಎತ್ತರದ ಶಿಖರ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ. ಅದರ ಎತ್ತರ ಸುಮಾರು 1,930 ಮೀಟರ್. ಕುದುರೆಮುಖ ಅದಕ್ಕಿಂತ ಸ್ವಲ್ಪ ಕಡಿಮೆ. ಬೇಸ್ ಕ್ಯಾಂಪಿನ ನಡಿಗೆ ಶುರುವಾಗುವ ಲುಕ್ಲಾ ಪೇಟೆಯೇ ಸುಮಾರು 2,850 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ಇಡೀ ರಾಜ್ಯದ ನೆತ್ತಿಗಿಂತ ಸುಮಾರು 900 ಮೀಟರ್ ಮೇಲೆ ನಿಂತು ನಾವು ಮೊದಲ ಹೆಜ್ಜೆ ಇಡುತ್ತೇವೆ. ಬೇಸ್ ಕ್ಯಾಂಪ್ ಇರುವುದು 5,364 ಮೀಟರಿನಲ್ಲಿ. ಎವರೆಸ್ಟ್ ಶಿಖರ 8,848.86 ಮೀಟರ್. ಈ ಲೆಕ್ಕವನ್ನು ನೇಪಾಳ ಮತ್ತು ಚೀನಾ 2020ರಲ್ಲಿ ಒಟ್ಟಾಗಿ ಪ್ರಕಟಿಸಿದವು.

ಬೇಸ್ ಕ್ಯಾಂಪಿಗೆ ಹೋಗುವುದು ಎಂದರೆ ಎವರೆಸ್ಟ್ ಹತ್ತುವುದು ಅಲ್ಲ. ಹಗ್ಗ, ಕೊಡಲಿ ಯಾವುದೂ ಬೇಡ. ಲುಕ್ಲಾದಿಂದ ಒಂದು ಕಡೆಗೆ ಸುಮಾರು 65 ಕಿಲೋಮೀಟರ್ ಕಾಲುದಾರಿ. ಹೋಗಿ ಬರಲು ಹನ್ನೆರಡರಿಂದ ಹದಿನಾಲ್ಕು ದಿನ. ದೂರ ನೋಡಿದರೆ ‘ಇಷ್ಟೇಯಾ’ ಅನ್ನಿಸುತ್ತದೆ. ದಿನಕ್ಕೆ ಎಂಟು–ಹತ್ತು ಕಿಲೋಮೀಟರ್ ನಡೆಯುವುದು ದೊಡ್ಡ ವಿಷಯ ಅಲ್ಲ. ವಿಷಯ ಇರುವುದು ಗಾಳಿಯಲ್ಲಿ.

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ಶೇ. 21ರಷ್ಟೇ. ಆದರೆ ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಇಳಿಯುತ್ತದೆ. ಬೇಸ್ ಕ್ಯಾಂಪಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಪಣಂಬೂರಿನ ಕಡಲತೀರದಲ್ಲಿ ಸಿಗುವುದರ ಹೆಚ್ಚು ಕಡಿಮೆ ಅರ್ಧ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ. ಉಸಿರು ಹೆಚ್ಚುತ್ತದೆ, ಎದೆಬಡಿತ ಹೆಚ್ಚುತ್ತದೆ, ಪದೇ ಪದೇ ಮೂತ್ರ ಬರುತ್ತದೆ. ಆದರೆ ಹೊಂದಿಕೊಳ್ಳಲು ದೇಹಕ್ಕೆ ದಿನಗಳು ಬೇಕು. ಜಿಮ್ಮಿಗೆ ಹೋಗಿ ಕಟ್ಟಿದ ಮೈಗೆ ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ನಮ್ಮ ತಂಡದಲ್ಲಿ ತಲೆನೋವು ಮೊದಲು ಬಂದದ್ದು ಎಲ್ಲರಿಗಿಂತ ಗಟ್ಟಿಮುಟ್ಟಾಗಿದ್ದ ಹುಡುಗನಿಗೆ.

ಬಿಸ್ತಾರೈ, ಬಿಸ್ತಾರೈ

ತಂಡದಲ್ಲಿ ಪುತ್ತೂರು ಕಡೆಯ ಒಬ್ಬ ಶಿಕ್ಷಕಿ ಮತ್ತು ಅವರ ಪತಿ, ಜುಬೈಲಿನಲ್ಲಿ ಕೆಲಸ ಮಾಡುವ ಉಳ್ಳಾಲದ ಯುವಕ, ಅವನ ಇಬ್ಬರು ಗೆಳೆಯರು, ಮತ್ತೆ ನಾನು. ಜೊತೆಗೆ ಒಬ್ಬ ಗೈಡ್, ಒಬ್ಬ ಸಹಾಯಕ ಗೈಡ್, ಮೂವರು ಪೋರ್ಟರ್‌ಗಳು. ಗೈಡ್ ಸೋಲುಖುಂಬು ಜಿಲ್ಲೆಯವರೇ, ರಾಯ್ ಸಮುದಾಯದವರು. ನಾವೆಲ್ಲ ‘ದಾಯಿ’ ಎಂದು ಕರೆಯುತ್ತಿದ್ದೆವು. ನೇಪಾಳಿಯಲ್ಲಿ ಹಾಗೆಂದರೆ ಅಣ್ಣ, ನಮ್ಮ ‘ಕಾಕ’ ಇದ್ದ ಹಾಗೆ. ಮಾತು ಹಿಂದಿಯಲ್ಲಿ.

ದಟ್ಟಣೆಯ ಸೀಸನ್‌ನಲ್ಲಿ ಲುಕ್ಲಾದ ವಿಮಾನಗಳು ಹೆಚ್ಚಾಗಿ ಹೊರಡುವುದು ಕಠ್ಮಂಡುವಿನಿಂದ ಅಲ್ಲ, ನಾಲ್ಕೈದು ಗಂಟೆ ದೂರದ ರಾಮೇಛಾಪ್‌ನಿಂದ. ಹಾಗಾಗಿ ನಡುರಾತ್ರಿ ವ್ಯಾನ್ ಹತ್ತಬೇಕು. ಲುಕ್ಲಾದ ರನ್‌ವೇ ಬರೀ 527 ಮೀಟರ್ ಉದ್ದ, ಅದೂ ಇಳಿಜಾರು. ಒಂದು ತುದಿಯಲ್ಲಿ ಗುಡ್ಡ, ಇನ್ನೊಂದು ತುದಿಯಲ್ಲಿ ಕಮರಿ. ಟೇಬಲ್‌ಟಾಪ್ ರನ್‌ವೇಯ ನೋವು ಗೊತ್ತಿರುವ ಮಂಗಳೂರಿನವರ ಬಾಯಲ್ಲಿ ಅಲ್ಲಿ ದುಆ ತನ್ನಷ್ಟಕ್ಕೆ ಬರುತ್ತದೆ. 1953ರ ಮೇ 29ರಂದು ಮೊದಲ ಬಾರಿ ಎವರೆಸ್ಟ್ ಏರಿದ ತೇನ್‌ಸಿಂಗ್ ಮತ್ತು ಹಿಲರಿ ಅವರ ಹೆಸರನ್ನೇ ಈ ನಿಲ್ದಾಣಕ್ಕೆ ಇಟ್ಟಿದ್ದಾರೆ. 1964ರಲ್ಲಿ ಇದನ್ನು ಕಟ್ಟಿಸಿದವರೂ ಹಿಲರಿಯೇ.

ಮೊದಲ ದಿನ ಫಾಕ್ಡಿಂಗ್‌ಗೆ ಇಳಿಜಾರಿನ ನಡಿಗೆ. ಎರಡನೇ ದಿನ ದೂಧ್‌ಕೋಸಿ ನದಿಯ ಮೇಲೆ ತೂಗುಸೇತುವೆಗಳನ್ನು ದಾಟಿ, ಕಡಿದಾದ ಏರು ಹತ್ತಿ 3,440 ಮೀಟರ್ ಎತ್ತರದ ನಾಮ್ಚೆ ಬಜಾರ್. ಈ ಏರಿನಲ್ಲೇ ದಾಯಿ ನಮ್ಮ ಮುಂದೆ ನಿಂತು ಬಿಸ್ತಾರೈ, ಬಿಸ್ತಾರೈ ಎನ್ನತೊಡಗಿದರು. ನಿಧಾನ, ನಿಧಾನ ಎಂದು ಅರ್ಥ. ಅವರನ್ನು ದಾಟಿ ಮುಂದೆ ಹೋಗುವುದಕ್ಕೆ ಯಾರಿಗೂ ಅನುಮತಿ ಇಲ್ಲ. ಹುಡುಗರಿಗೆ ಇದು ಹಿಡಿಸಲಿಲ್ಲ. “ಎಂತ ಮಾರಾಯ, ಮದುವೆ ದಿಬ್ಬಣದ ಹಾಗೆ ನಡೆಯುವುದು” ಎಂದು ಒಬ್ಬ ಗೊಣಗಿದ. ಟೀಚರ್ ಮಾತ್ರ ದಾಯಿಯ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ತಸ್ಬೀಹ್ ಎಣಿಸಿದ ಹಾಗೆ ನಡೆದರು.

ನಾಮ್ಚೆಯಲ್ಲಿ ಎರಡು ರಾತ್ರಿ. ಅದು ವಿಶ್ರಾಂತಿಯ ದಿನ ಎಂದು ಹೆಸರು, ಆದರೆ ಮಲಗುವ ಹಾಗಿಲ್ಲ. 3,880 ಮೀಟರ್‌ವರೆಗೆ ಹತ್ತಿ, ಎವರೆಸ್ಟನ್ನು ದೂರದಿಂದ ನೋಡಿ, ಪುನಃ ಕೆಳಗಿಳಿದು ಮಲಗಬೇಕು. ಹಗಲು ಎತ್ತರಕ್ಕೆ ಹೋಗು, ರಾತ್ರಿ ತಗ್ಗಿನಲ್ಲಿ ಮಲಗು ಎಂಬುದೇ ಪರ್ವತದ ಕ್ರಮ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿನ ಆಸುಪಾಸಿನಲ್ಲೇ ಹೆಚ್ಚಬೇಕು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ನಿಲ್ಲಬೇಕು ಎನ್ನುತ್ತಾರೆ ವೈದ್ಯರು. ನಾಮ್ಚೆ ಬಿಟ್ಟರೆ ತೆಂಗ್‌ಬೋಚೆ, ಅಲ್ಲಿಂದ 4,410 ಮೀಟರಿನ ದಿಂಗ್‌ಬೋಚೆ. ಅಲ್ಲಿಯೂ ಎರಡು ರಾತ್ರಿ. ಆಮೇಲೆ ಲೊಬುಚೆ 4,940, ಗೋರಕ್‌ಶೇಪ್ 5,164. ‘ಒಂಬತ್ತೇ ದಿನದಲ್ಲಿ ಹೋಗಿ ಬನ್ನಿ’ ಎಂದು ಆಸೆ ಹುಟ್ಟಿಸುವ ಪ್ಯಾಕೇಜುಗಳು ಕತ್ತರಿಸುವುದು ಈ ನಿಲ್ಲುವ ದಿನಗಳನ್ನೇ. ಅಂಥದ್ದಕ್ಕೆ ಸಲಾಮ್ ಹೇಳಿ ಬಿಟ್ಟುಬಿಡಿ.

ನಮಾಝ್, ನೀರು, ಊಟ

ಹೋಗಿ ಬಂದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ, “ಅಲ್ಲಿ ನಮಾಝ್‌ಗೆ ಹೇಗೆ?”

ಕಠ್ಮಂಡುವಿನಲ್ಲಿ ಚಿಂತೆ ಇಲ್ಲ. ನೇಪಾಳದ ಜನಸಂಖ್ಯೆಯಲ್ಲಿ ಶೇ. 5ರಷ್ಟು ಮುಸ್ಲಿಮರಿದ್ದಾರೆ, ಹೆಚ್ಚಿನವರು ಭಾರತದ ಗಡಿಗೆ ತಾಗಿದ ತರಾಯಿ ಬಯಲಿನವರು. ರಾಜಧಾನಿಯ ಘಂಟಾಘರ್ ಬಳಿ ನೇಪಾಳಿ ಜಾಮೆ ಮಸೀದಿ, ಕಾಶ್ಮೀರಿ ಮಸೀದಿ ಎರಡೂ ಹತ್ತಿರ ಹತ್ತಿರ ಇವೆ. ಹೊರಡುವ ಮುಂಚಿನ ಜುಮುಅ ನಾವು ಅಲ್ಲೇ ಮುಗಿಸಿದೆವು. ಲುಕ್ಲಾ ದಾಟಿದ ಮೇಲೆ ಇರುವುದು ಶೆರ್ಪಾ ಬೌದ್ಧರ ಊರುಗಳು. ರಾತ್ರಿ ತಂಗುವುದು ಅವರ ಲಾಡ್ಜ್‌ಗಳಲ್ಲಿ. ಊಟದ ಕೋಣೆಯ ಮೂಲೆಯಲ್ಲಿ ನಮಾಝ್ ಮಾಡಬಹುದೇ ಎಂದು ಕೇಳಿದರೆ ಯಾರೂ ಬೇಡ ಎನ್ನಲಿಲ್ಲ. ಒಂದು ಕಡೆ ಮನೆಯೊಡತಿ ತಾನೇ ಬೆಂಚು ಸರಿಸಿ ಕಂಬಳಿ ಹಾಸಿ ಕೊಟ್ಟಳು. ದಾರಿಯಲ್ಲಿ ಅವರ ಮಂತ್ರದ ಕಲ್ಲುಗಳ ಗೋಡೆ ಸಿಕ್ಕರೆ ಅದನ್ನು ಬಲಕ್ಕೆ ಬಿಟ್ಟು ನಡೆಯುವುದು ಅಲ್ಲಿನ ಮರ್ಯಾದೆ. ನಾವೂ ಹಾಗೆಯೇ ನಡೆದೆವು.

ಕಿಬ್ಲಾದ ಬಗ್ಗೆ ಒಂದು ಮಾತು. ಮಂಗಳೂರಿನಲ್ಲಿ ನಮ್ಮ ಕಿಬ್ಲಾ ಪಶ್ಚಿಮದಿಂದ ಉತ್ತರಕ್ಕೆ ಸ್ವಲ್ಪ ವಾಲುತ್ತದೆ. ಎವರೆಸ್ಟ್ ಕಡೆ ಅದು ಹೆಚ್ಚುಕಡಿಮೆ ನೇರ ಪಶ್ಚಿಮ. ಮೊಬೈಲ್ ಚಳಿಗೆ ಸತ್ತುಹೋದರೂ ಸೂರ್ಯ ಮುಳುಗಿದ ಕಡೆ ನೋಡಿ ಅಂದಾಜು ಮಾಡಬಹುದು. ಕಸ್ರ್ ಮತ್ತು ಜಮ್‌ಅ ಮಾಡುವ ರಿಯಾಯಿತಿ ಮುಸಾಫಿರನಿಗೆ ಉಂಟು. ದಿಂಗ್‌ಬೋಚೆಯಿಂದ ಮೇಲೆ ಬೆಳಗ್ಗಿನ ಹೊತ್ತು ಡ್ರಮ್ಮಿನ ನೀರಿನ ಮೇಲೆ ಮಂಜುಗಡ್ಡೆ ಕಟ್ಟಿರುತ್ತದೆ. ಶೌಚಕ್ಕೂ ಅದನ್ನೇ ಒಡೆದು ನೀರು ತೆಗೆಯಬೇಕು. ಬಿಸಿನೀರಿಗೆ ದುಡ್ಡು. ನೀರಿನಿಂದ ಹಾನಿಯಾಗುವ ಭಯ ಇದ್ದಲ್ಲಿ ತಯಮ್ಮುಮ್. ಶಾಫಿಈ ಮದ್‌ಹಬಿನಲ್ಲಿ ಅದಕ್ಕೆ ಧೂಳಿರುವ ಮಣ್ಣೇ ಆಗಬೇಕು, ಬರೀ ಕಲ್ಲು ಅಥವಾ ಹಿಮ ಸಾಲದು. ಟೀಚರ್ ಒಂದು ಚಿಕ್ಕ ಡಬ್ಬಿಯಲ್ಲಿ ಶುದ್ಧ ಮಣ್ಣು ತುಂಬಿಸಿ ತಂದಿದ್ದರು. ಹೊರಡುವ ಮುಂಚೆ ನಿಮ್ಮ ಮೊಹಲ್ಲಾದ ಉಸ್ತಾದರ ಹತ್ತಿರ ಈ ಮಸ್‌ಅಲಗಳನ್ನು ಸರಿಯಾಗಿ ಕೇಳಿಕೊಳ್ಳಿ.

ಊಟಕ್ಕೆ ದಾಲ್‌ಭಾತ್. ಅನ್ನ, ಬೇಳೆ, ತರಕಾರಿ ಪಲ್ಯ, ಬೇಕಾದಷ್ಟು ಸಲ ಬಡಿಸುತ್ತಾರೆ. ಹಲಾಲ್‌ನ ಪ್ರಶ್ನೆಯೇ ಬರುವುದಿಲ್ಲ. ಖುಂಬು ಕಣಿವೆಯಲ್ಲಿ ಪ್ರಾಣಿ ಕೊಯ್ಯುವ ಪದ್ಧತಿ ಇಲ್ಲ, ಮಾಂಸ ಕೆಳಗಿನಿಂದ ದಿನಗಟ್ಟಲೆ ಹೊತ್ತು ಬರುತ್ತದೆ. ಆದ್ದರಿಂದ ಯಾವ ಧರ್ಮದವರೇ ಆದರೂ ನಾಮ್ಚೆಯಿಂದ ಮೇಲೆ ಅದನ್ನು ತಿನ್ನದಿರುವುದು ಹೊಟ್ಟೆಗೆ ಕ್ಷೇಮ. ಮೊಟ್ಟೆ, ಆಲೂಗಡ್ಡೆ ಧಾರಾಳ. ಮನೆಯಿಂದ ತಂದ ಸಿಗಡಿ ಚಟ್ನಿಪುಡಿ ನಮ್ಮ ಮೇಜಿನ ರಾಜನಾಗಿತ್ತು.

ಲೊಬುಚೆಯಲ್ಲಿ ತಕರಾರು

ಉಳ್ಳಾಲದ ಹುಡುಗನಿಗೆ ತಲೆನೋವು ಶುರುವಾದದ್ದು ದಿಂಗ್‌ಬೋಚೆಯಲ್ಲಿ. ಅವನು ದಾಯಿಗೆ ಹೇಳಲಿಲ್ಲ. ನೋವಿನ ಮಾತ್ರೆ ನುಂಗಿ ನಗುತ್ತ ನಡೆದ. ಗೆಳೆಯರಿಬ್ಬರಿಗೆ ಗೊತ್ತಿತ್ತು, ಅವರೂ ಬಾಯಿ ಬಿಡಲಿಲ್ಲ. ದಿನಾ ಸಂಜೆ ಬೆರಳಿಗೆ ಆಕ್ಸಿಮೀಟರ್ ಹಾಕಿ ದಾಯಿ ಎಲ್ಲರ ಲೆಕ್ಕ ಬರೆದುಕೊಳ್ಳುತ್ತಿದ್ದರು. ಊರಿನಲ್ಲಿ 98 ತೋರಿಸುವ ಬೆರಳು ಅಷ್ಟು ಎತ್ತರದಲ್ಲಿ 80ರ ಆಸುಪಾಸು ತೋರಿಸಿದರೂ ಅದು ಅಸಾಮಾನ್ಯ ಅಲ್ಲ. ಅದಕ್ಕೇ ದಾಯಿ ಯಂತ್ರವನ್ನು ನಂಬಿ ಕೂರುತ್ತಿರಲಿಲ್ಲ. ತಟ್ಟೆ ನೋಡುತ್ತಿದ್ದರು, ಕಣ್ಣು ನೋಡುತ್ತಿದ್ದರು, ನಡೆಯುವುದನ್ನು ನೋಡುತ್ತಿದ್ದರು.

ಲೊಬುಚೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಹುಡುಗ ತಿಂದದ್ದನ್ನೆಲ್ಲ ವಾಂತಿ ಮಾಡಿದ. ವಾಪಸು ಬರುವಾಗ ಕಾಲು ಎಡವಿದ. ದಾಯಿ ಎದ್ದು ಅವನನ್ನು ನೆಲದ ಹಲಗೆಯ ಗೆರೆಯ ಮೇಲೆ ನಿಲ್ಲಿಸಿದರು. ಒಂದು ಹೆಜ್ಜೆಯ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಡೆ ಎಂದರು. ನಾಲ್ಕನೇ ಹೆಜ್ಜೆಗೆ ಅವನು ಗೋಡೆ ಹಿಡಿದ.

“ಕೆಳಗೆ. ಈಗಲೇ.” ದಾಯಿ ಹೇಳಿದ್ದು ಅಷ್ಟೇ.

ಎತ್ತರದ ಕಾಯಿಲೆಯಲ್ಲಿ ಮೂರು ಬಗೆ. ತಲೆನೋವು, ವಾಕರಿಕೆ, ಸುಸ್ತು ಇದ್ದರೆ ಅದು ಮೊದಲ ಹಂತ. ಮುಂದೆ ಹತ್ತದೆ ಅಲ್ಲೇ ನಿಂತರೆ ಹೆಚ್ಚಿನವರಿಗೆ ಗುಣವಾಗುತ್ತದೆ. ಮಿದುಳು ಊದಿಕೊಂಡರೆ ನಡಿಗೆ ತಪ್ಪುತ್ತದೆ, ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿದರೆ ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ಕೆಲವೊಮ್ಮೆ ಗುಲಾಬಿ ಬಣ್ಣದ ನೊರೆ ಕಫ. ಈ ಎರಡರಲ್ಲಿ ಯಾವುದು ಬಂದರೂ ಗಂಟೆಗಳ ಲೆಕ್ಕದಲ್ಲಿ ಜೀವ ಹೋಗಬಹುದು. ಮದ್ದು, ಆಮ್ಲಜನಕ ಎಲ್ಲ ಇದ್ದರೂ ನಿಜವಾದ ಚಿಕಿತ್ಸೆ ಒಂದೇ: ಕೆಳಗೆ ಇಳಿಸುವುದು.

ಹುಡುಗ ಒಪ್ಪಲಿಲ್ಲ. ಒಂದೂವರೆ ಲಕ್ಷದ ಹತ್ತಿರ ಖರ್ಚು ಮಾಡಿದ್ದೇನೆ, ನಾಳೆ ಒಂದು ದಿನ ನಡೆದರೆ ಮುಗಿಯಿತು, ಬೆಳಗ್ಗೆ ನೋಡುವ ಎಂದ. ಮನೆಯವರ ಗ್ರೂಪಿನಲ್ಲಿ ಎಲ್ಲರೂ ಬೇಸ್ ಕ್ಯಾಂಪಿನ ವೀಡಿಯೊ ಕಾಯುತ್ತಿದ್ದಾರೆ ಎಂದ. ಕೊನೆಗೆ “ಅಲ್ಲಾಹು ಕಾಪಾಡ್ತಾನೆ” ಎಂದ. ಅಷ್ಟರವರೆಗೆ ಸುಮ್ಮನಿದ್ದ ಟೀಚರ್ ಎದ್ದು ಬಂದರು. “ಒಂಟೆ ಕಟ್ಟಿ ಹಾಕಿ ಆಮೇಲೆ ತವಕ್ಕುಲ್ ಅಂತ ಕಲಿತದ್ದು ಮರೆತುಹೋಯ್ತಾ ಮೋನೆ? ಶೂ ಹಾಕು” ಎಂದರು. ಗೆಳೆಯರು ಆಗ ಬಾಯಿ ಬಿಟ್ಟರು, ತಲೆನೋವು ಎರಡು ದಿನದ್ದು ಎಂದರು. ದಾಯಿ ಅವರಿಬ್ಬರನ್ನು ನೋಡಿದ ನೋಟ ನನಗೆ ಈಗಲೂ ನೆನಪಿದೆ. ಬೈಯಲಿಲ್ಲ. ಗೆಳೆಯನ ಗುಟ್ಟು ಕಾಪಾಡಿದೆವು ಎಂದುಕೊಂಡಿದ್ದವರಿಗೆ ಅದು ಸಾಕಾಯಿತು.

ರಾತ್ರಿ ಹೆಲಿಕಾಪ್ಟರ್ ಹಾರುವುದಿಲ್ಲ. ಸಹಾಯಕ ಗೈಡ್ ಮತ್ತು ಒಬ್ಬ ಪೋರ್ಟರ್ ಎರಡೂ ಬದಿಯಿಂದ ಅವನ ತೋಳು ಹಿಡಿದು, ಹಣೆಗೆ ದೀಪ ಕಟ್ಟಿಕೊಂಡು ಇಳಿದರು. ಗೆಳೆಯರಲ್ಲಿ ಒಬ್ಬ ತಾನೂ ಬರುತ್ತೇನೆಂದು ಚೀಲ ಹೆಗಲಿಗೆ ಹಾಕಿದ. ನಡುರಾತ್ರಿ ದಾಟಿದ ಮೇಲೆ ಫೆರಿಚೆ ಮುಟ್ಟಿದರು. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ 1973ರಿಂದ ಚಾರಣದ ಸೀಸನ್‌ಗಳಲ್ಲಿ ಅಲ್ಲೊಂದು ಚಿಕ್ಕ ಆಸ್ಪತ್ರೆ ನಡೆಸುತ್ತಿದೆ. ಮಿದುಳು ಊದುವುದು ಶುರುವಾಗಿತ್ತು ಎಂದರಂತೆ ಡಾಕ್ಟರ್. ಆಮ್ಲಜನಕ, ಇಂಜೆಕ್ಷನ್ ಕೊಟ್ಟರು. ಮರುದಿನ ಸಂಜೆಗೆ ಹುಡುಗ ಗಂಜಿ ಕುಡಿಯುವಷ್ಟಾದ. ಅಲ್ಲಿಂದ ಮನೆಗೆ ಫೋನ್ ಮಾಡಿದಾಗ ಉಮ್ಮ ಬೇಸ್ ಕ್ಯಾಂಪಿನ ಹೆಸರೇ ಎತ್ತಲಿಲ್ಲವಂತೆ. “ಹೊಟ್ಟೆಗೆ ಏನು ತಿಂದಿದ್ದಿ?” ಎಂದು ಮಾತ್ರ ಕೇಳಿದರಂತೆ.

ಶಿಖರ ಕಾಣದ ಜಾಗ

ಉಳಿದ ನಾವು ನಾಲ್ವರು ಮರುದಿನ ಮಧ್ಯಾಹ್ನ ಬೇಸ್ ಕ್ಯಾಂಪ್ ಮುಟ್ಟಿದೆವು. ನಿಜ ಹೇಳಬೇಕೆಂದರೆ ಅಲ್ಲಿ ನೋಡಲು ಹೆಚ್ಚೇನಿಲ್ಲ. ಖುಂಬು ಹಿಮನದಿಯ ಮೇಲೆ ಕಲ್ಲುಗಳ ರಾಶಿ, ಎದುರಿಗೆ ಒಡೆದು ನಿಂತ ಮಂಜಿನ ಇಳಿಜಾರು. ಎವರೆಸ್ಟ್ ಹತ್ತುವವರು ಡೇರೆ ಹಾಕುವುದು ಏಪ್ರಿಲ್–ಮೇ ತಿಂಗಳಲ್ಲಿ, ಅಕ್ಟೋಬರಿನಲ್ಲಿ ಅದೂ ಇಲ್ಲ. ಎಲ್ಲಕ್ಕಿಂತ ತಮಾಷೆ, ಬೇಸ್ ಕ್ಯಾಂಪಿನಿಂದ ಎವರೆಸ್ಟ್ ಶಿಖರ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ಮಾರನೆಯ ದಿನ ಮುಂಜಾವಕ್ಕೆ ಎದ್ದು, 5,500 ಮೀಟರಿಗೂ ಎತ್ತರದ ಕಾಲಾಪತ್ಥರ್ ಗುಡ್ಡ ಹತ್ತಬೇಕು. ಅಲ್ಲಿ ಫಜ್ರ್ ಕಳೆದ ಮೇಲಿನ ಬೆಳಕಿನಲ್ಲಿ ಆ ಕಪ್ಪು ತುದಿ ನಿಧಾನಕ್ಕೆ ಹೊನ್ನಿನ ಬಣ್ಣಕ್ಕೆ ತಿರುಗಿದಾಗ ಬಾಯಿಂದ ‘ಸುಬ್‌ಹಾನಲ್ಲಾಹ್’ ಬಿಟ್ಟು ಬೇರೆ ಮಾತು ಬರಲಿಲ್ಲ. ಎಲ್ಲರಿಗಿಂತ ನಿಧಾನ ನಡೆದ ಟೀಚರ್ ಅಲ್ಲಿಯವರೆಗೂ ಬಂದಿದ್ದರು.

ಲೊಬುಚೆಗೆ ಹೋಗುವ ದಾರಿಯಲ್ಲಿ ಥುಕ್ಲಾ ಕಣಿವೆಯ ಮೇಲೆ ಪರ್ವತದಲ್ಲಿ ಸತ್ತವರ ನೆನಪಿನ ಕಲ್ಲುಗಳು ಸಾಲಾಗಿ ನಿಂತಿವೆ. ಅನುಭವ ಇಲ್ಲದವರಷ್ಟೇ ಅಲ್ಲ, ಪಳಗಿದವರೂ ಅಲ್ಲಿದ್ದಾರೆ, ಅವರಲ್ಲಿ ಶೆರ್ಪಾಗಳು ಬಹಳ. ಹಿಂದಿರುಗುವಾಗ ಆ ಕಲ್ಲುಗಳ ಮುಂದೆ ನಮ್ಮ ತಂಡ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು.

ಹೊರೆ ಹೊರುವವರು

ನಮ್ಮ ಎಷ್ಟೋ ಮನೆಗಳಲ್ಲಿ ಬಂದರಿನ ಧಕ್ಕೆಯಲ್ಲಿ ಮೂಟೆ ಹೊತ್ತ ಹಿರಿಯರು ಇದ್ದಾರೆ. ಆ ಬೆನ್ನುಗಳ ಮೇಲೆ ನಿಂತೇ ನಾವು ಓದಿದ್ದು, ಗಲ್ಫಿಗೆ ಹೋದದ್ದು. ಆದ್ದರಿಂದ ಹಣೆಗೆ ಪಟ್ಟಿ ಬಿಗಿದು ಬೆನ್ನಿನ ಬುಟ್ಟಿಯಲ್ಲಿ ಸಾಮಾನು ಹೊರುವ ನೇಪಾಳಿ ಪೋರ್ಟರ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು.

ಅವರೆಲ್ಲರೂ ಶೆರ್ಪಾಗಳು ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ಹಲವರು ರಾಯ್, ತಮಾಂಗ್, ಮಗರ್ ಸಮುದಾಯದವರು, ಕೆಳಗಿನ ಬೆಟ್ಟಗಳ ರೈತರು. ತಲೆತಲಾಂತರದಿಂದ ಎತ್ತರಕ್ಕೆ ಒಗ್ಗಿದ ಶೆರ್ಪಾಗಳ ದೇಹ ಅವರಿಗಿಲ್ಲ. ನಮ್ಮ ಹಾಗೆಯೇ ಅವರಿಗೂ ತಲೆನೋವು ಬರುತ್ತದೆ, ಅವರೂ ಸಾಯುತ್ತಾರೆ. ನಮಗೆ ಹುಷಾರಿಲ್ಲದಿದ್ದರೆ ತಂಡವೇ ನಿಲ್ಲುತ್ತದೆ. ಪೋರ್ಟರ್‌ಗೆ ಹುಷಾರಿಲ್ಲದಿದ್ದರೆ ಲೆಕ್ಕ ಮುಗಿಸಿ ಒಬ್ಬನನ್ನೇ ಕೆಳಗೆ ಕಳಿಸಿದ ಉದಾಹರಣೆಗಳಿವೆ. ಇಂಥದ್ದರ ವಿರುದ್ಧವೇ 1997ರಲ್ಲಿ ಪೋರ್ಟರ್‌ಗಳ ರಕ್ಷಣೆಗಾಗಿ ಒಂದು ಅಂತಾರಾಷ್ಟ್ರೀಯ ಸಂಘ ಹುಟ್ಟಿಕೊಂಡಿತು. ಹೊರೆಗೆ ಮಿತಿ, ಸರಿಯಾದ ಬಟ್ಟೆ ಮತ್ತು ಬೂಟು, ಮಲಗಲು ಸೂರು, ವಿಮೆ, ಹುಷಾರಿಲ್ಲದವರ ಜೊತೆ ಒಬ್ಬ ಆಳು. ಇಷ್ಟೇ ಅವರ ಬೇಡಿಕೆ.

ನಿಮ್ಮ ಚೀಲ ಹತ್ತು–ಹನ್ನೆರಡು ಕಿಲೋ ಮೀರದಿರಲಿ, ಯಾಕೆಂದರೆ ಒಬ್ಬ ಪೋರ್ಟರ್ ಇಬ್ಬರ ಚೀಲ ಹೊರುತ್ತಾನೆ. ಲುಕ್ಲಾಕ್ಕೆ ವಾಪಸಾದ ರಾತ್ರಿಯೇ ಟಿಪ್ಸ್ ಅವನ ಕೈಗೇ ಕೊಡಿ. ಬೆವರು ಆರುವ ಮುನ್ನ ಕೂಲಿ ಎಂಬ ಮಾತು ಮಿಂಬರಿನ ಮೇಲಿಂದ ಕೇಳಲು ಮಾತ್ರ ಇರುವುದಲ್ಲ. ನಡುರಾತ್ರಿ ನಮ್ಮ ಹುಡುಗನ ತೋಳು ಹಿಡಿದು ಇಳಿದವನಿಗೆ ಇಪ್ಪತ್ತೆರಡು ವರ್ಷ. ಬೆಳಗ್ಗೆ ಅವನು ತನ್ನ ಹೊರೆಗಾಗಿ ಪುನಃ ಲೊಬುಚೆಗೆ ಹತ್ತಿ ಬಂದಿದ್ದ.

ಹೊರಡುವ ಮುಂಚೆ

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತುಚೀಟಿ ಬೇಕು, ಆಧಾರ್ ನಡೆಯುವುದಿಲ್ಲ. ಶುಗರ್, ಬಿಪಿ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕಂಡೇ ಹೊರಡಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಸಲ್ಫಾ ಅಲರ್ಜಿ ಇದ್ದವರಿಗೆ ಆಗದಿರಬಹುದು, ಅದನ್ನೂ ಕೇಳಿ. ವಿಮೆ ಮಾಡಿಸುವಾಗ 6,000 ಮೀಟರ್‌ವರೆಗಿನ ಚಾರಣ ಮತ್ತು ಹೆಲಿಕಾಪ್ಟರ್ ಖರ್ಚು ಸೇರಿದೆಯೇ ನೋಡಿ. ಬೇಡದಿದ್ದರೂ ಹೆಲಿಕಾಪ್ಟರ್ ಕರೆಸಿ ವಿಮಾ ಹಣ ನುಂಗುವ ದಂಧೆಯ ಬಗ್ಗೆ 2018ರಲ್ಲಿ ನೇಪಾಳ ಸರಕಾರವೇ ತನಿಖೆ ಮಾಡಿಸಿತ್ತು. ಹಾಗಾಗಿ ಏಜೆನ್ಸಿಯನ್ನು ವಿಚಾರಿಸಿಯೇ ಹಿಡಿಯಿರಿ. ಗೈಡ್‌ಗೆ ಪರವಾನಗಿ ಉಂಟಾ, ನಿಲ್ಲುವ ದಿನಗಳು ಎಷ್ಟು, ಪೋರ್ಟರ್‌ಗೆ ವಿಮೆ ಉಂಟಾ, ಯಾರಾದರೂ ಇಳಿಯಬೇಕಾಗಿ ಬಂದರೆ ಜೊತೆಗೆ ಹೋಗಲು ಎರಡನೇ ಗೈಡ್ ಇದ್ದಾನಾ? ಈ ನಾಲ್ಕು ಪ್ರಶ್ನೆಗಳಿಗೆ ನೇರ ಉತ್ತರ ಸಿಗದಿದ್ದರೆ ಬೇರೆಯವರನ್ನು ನೋಡಿ.

ಇನ್ನು ಒಂದು ಕೆಲಸ ಮನೆಯಲ್ಲಿ ಉಂಟು. ಹೊರಡುವ ದಿನ ಉಮ್ಮನ ಕೈ ಹಿಡಿದು ಸಲಾಮ್ ಹೇಳುವಾಗ, ಬೇಸ್ ಕ್ಯಾಂಪಿನಿಂದ ವೀಡಿಯೊ ಕಳಿಸುತ್ತೇನೆ ಎಂದು ಮಾತು ಕೊಡಬೇಡಿ. ಗೈಡ್ ಇಳಿ ಎಂದರೆ ಇಳಿಯುತ್ತೇನೆ ಎಂದು ಮಾತು ಕೊಡಿ.